ಎಡಗಿವಿಯ ಕುರಿಗಳು – ೭

“ಎರಡೂ ಒಂದ ಕುರೀನ?” ಎಂದು ಕೇಳಿದಳು ವೈಶಾಲಿ.

“ಒಂದ ಕುರಿ, ಒಂದ ಫೋಟೊ. ಈ ಕಡೇದನ್ನ ಕನ್ನಡಿಯೊಳಗ ನೋಡಿದಂಗ ತಿರುವೇನ್ರಿ, ಅಷ್ಟ,” ಎಂದಳು ಮನೀಷಾ.

ಲ್ಯಾಪ್‌ಟಾಪಿನ ಪರದೆಯ ಮೇಲೆ ಎರಡು ಕುರಿಗಳು ಎದುರುಬದುರಾಗಿ ನಿಂತಿದ್ದವು. ಒಂದಕ್ಕೆ ಬಲಗಿವಿಯ ತುದಿ ಸೀಳಿತ್ತು, ಇನ್ನೊಂದಕ್ಕೆ ಎಡಗಿವಿಯ ತುದಿ. ಮುಖ, ಮೈಬಣ್ಣ, ಮೂಗಿನ ಮೇಲಿನ ಕರಿ ಮಚ್ಚೆ ಎಲ್ಲ ಒಂದೇ. ತನ್ನನ್ನು ಹೀಗೆ ತಿರುವಿಹಾಕಿದ್ದು ಕುರಿಗೆ ಅಷ್ಟಾಗಿ ಇಷ್ಟವಾದಂತೆ ಕಾಣಲಿಲ್ಲ.

ಜಮಖಂಡಿಯ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಮನೀಷಾ ಅಲ್ಲಿ ಪಾಠ ಹೇಳುವವಳು. ಅವಳ ತಮ್ಮ ಮುತ್ತಪ್ಪ, ಕಾಕಾ ಪಾಂಡಪ್ಪನ ಕುರಿ ಕದ್ದು ಮಾರಿದನೆಂಬ ಆರೋಪದ ಮೇಲೆ ಇವತ್ತು ಬೆಳಿಗ್ಗೆಯಿಂದ ಬೀಳಗಿ ಠಾಣೆಯ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಕೋರ್ಟಿಗೆ ಕರೆದೊಯ್ಯುತ್ತಾರೆ.

ಅವನು ಕದ್ದದ್ದನ್ನು ಕಂಡ ಮನುಷ್ಯ ಒಬ್ಬನೂ ಇರಲಿಲ್ಲ. ಸಾಕ್ಷಿ ಹೇಳಿದ್ದು ಮುಧೋಳದ ಕುರಿ ಸಂತೆಯ ಬಾಗಿಲಲ್ಲಿದ್ದ ಒಂದು ಆ್ಯಪ್. ಕುರಿಯ ಮುಂದೆ ಫೋನ್ ಹಿಡಿದರೆ ಸಾಕು, ಕಿವಿಯ ಗುರುತು ನೋಡಿ ಅದು ಯಾವ ಮನೆಯ ಕುರಿ ಎಂದು ಆ ಆ್ಯಪ್ ಹೇಳುತ್ತಿತ್ತು. ಮುತ್ತಪ್ಪ ಮಾರಿದ ಕುರಿಗಳನ್ನು ಅದು ಪಾಂಡಪ್ಪನವು ಎಂದಿತು. ತಮಾಷೆಯೆಂದರೆ, ಆ ಆ್ಯಪಿಗೆ ಕಿವಿ ಓದಲು ಕಲಿಸಿದವಳು ಇದೇ ಮನೀಷಾ.

ಅವಳು ಬರೆದದ್ದು ಆ್ಯಪ್ ಅಲ್ಲ, ಲೈಬ್ರರಿ. ಆ್ಯಪ್ ಕಟ್ಟುವವರು ಎತ್ತಿಕೊಂಡು ತಮ್ಮದರೊಳಗೆ ಜೋಡಿಸಿಕೊಳ್ಳುವ ಸಿದ್ಧ ಕೋಡಿಗೆ ಹಾಗೆನ್ನುತ್ತಾರೆ. ಅದಕ್ಕೆ ‘ಕಿವಿಗುರುತು’ ಎಂದು ಹೆಸರಿಟ್ಟು ಓಪನ್ ಸೋರ್ಸ್ ಮಾಡಿ ಲೋಕಕ್ಕೆಲ್ಲ ಬಿಟ್ಟಿದ್ದಳು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಬಂದ ತಿದ್ದುಪಡಿಯನ್ನು ಒಪ್ಪುವುದು, ಬಿಡುವುದು ಅವಳ ಕೈಯಲ್ಲಿ.

“ಈಗ ಹೇಳು,” ಎಂದಳು ವೈಶಾಲಿ. “ಕಿವಿ ಎಡಕ್ಕಿದ್ರೇನು, ಬಲಕ್ಕಿದ್ರೇನು?”

“ನಮ್ಮ ಮನಿ ಗುರುತು ಕಿವಿ ತುದಿ ಸೀಳೂದ್ರಿ. ಅಪ್ಪಾ, ಕಾಕಾ ಬ್ಯಾರಿ ಆದಾಗ ಗುರುತು ಬದಲ ಮಾಡ್ಲಿಲ್ಲ. ಹಿರ್ಯಾನ ಕುರಿಗೆ ಬಲಗಿವಿ, ಕಿರ್ಯಾನ ಕುರಿಗೆ ಎಡಗಿವಿ. ನಮ್ಮಪ್ಪ ಹುಲೆಪ್ಪ ಹಿರ್ಯಾ. ಪಾಂಡಪ್ಪ ಕಾಕಾ ಕಿರ್ಯಾ.”

“ಅಂದ್ರ ಎಡ-ಬಲ ತಿಳೀಲಿಲ್ಲಂದ್ರ ನಿಮ್ಮ ಕುರಿ ಯಾವುದು, ಅವರ ಕುರಿ ಯಾವುದು ತಿಳಿಯೂದಿಲ್ಲ.”

“ಇಲ್ರಿ.”

ವೈಶಾಲಿ ಕುರ್ಚಿಗೆ ಒರಗಿದಳು. ವಿಮಾ ಕಂಪನಿಗಳ ಪರವಾಗಿ ಸತ್ತ ಕುರಿಗಳ ತನಿಖೆ ಮಾಡುವುದು ಅವಳ ಹೊಟ್ಟೆಪಾಡು. ಜೀವಂತ ಕುರಿಯನ್ನು ಸತ್ತಿದೆ ಎಂದು ಬರೆದುಕೊಟ್ಟವರು, ಒಂದೇ ಕಿವಿಯನ್ನು ಮೂರು ಕುರಿಗೆ ತೋರಿಸಿದವರು, ಎಲ್ಲರನ್ನೂ ಕಂಡು ಕಂಡು ಅವಳಿಗೆ ಮನುಷ್ಯರ ಮೇಲೆ ಒಂದು ಬಗೆಯ ಶಾಂತವಾದ ಅನುಮಾನ ಬೆಳೆದುಬಿಟ್ಟಿತ್ತು. ಕೋಡ್ ಅವಳಿಗೆ ಗೊತ್ತಿಲ್ಲ. ಆದರೆ ಸುಳ್ಳು ಯಾವ ಭಾಷೆಯಲ್ಲಿದ್ದರೂ ಅದಕ್ಕೊಬ್ಬ ಒಡೆಯ ಇರುತ್ತಾನೆ ಎಂದು ಅವಳು ನಂಬಿದ್ದಳು.

“ಸಂತ್ಯಾಗ ತಗದ ಫೋಟೊ ಅದಾವೇನು?”

“ಉಳಸೂದಿಲ್ರಿ. ಕುರಿ ಕಾಯೂವರ ಫೋನಿನ್ಯಾಗ ಜಾಗ ಸಾಲೂದಿಲ್ಲ ಅಂತ ನಾನ ಹಂಗ ಮಾಡೇನಿ. ಯಾವ ಮನಿ ಗುರುತು ಅನ್ನೂದಷ್ಟ ಉಳೀತೈತಿ.”

“ಕುರಿ?”

“ಲಾರಿ ಹತ್ತಿ ಹೋದ್ವು.”

ಹಾಗಾದರೆ ಉಳಿದದ್ದು ಆ್ಯಪಿನ ಮಾತು ಮಾತ್ರ. ಆ ಮಾತಿಗೆ ಬೆಲೆಯಿಲ್ಲ ಎಂದು ತೋರಿಸಿದರೆ ಮುತ್ತಪ್ಪ ಹೊರಗೆ ಬರುತ್ತಾನೆ. ಲೈಬ್ರರಿಗೆ ಹೊರಗಿನಿಂದ ಬಂದು ಫೋಟೊಗಳನ್ನು ಹೀಗೆ ತಿರುವಿಹಾಕುತ್ತಿದ್ದ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದು, ಅದು ಹೇಗೆ ದಾರಿ ತಪ್ಪಿಸಿತೆಂದು ವಿವರಿಸಿ, ಇವತ್ತು ಸಂಜೆಯೊಳಗೆ ವಕೀಲರಿಗೆ ಕಳಿಸಬೇಕು. ಮನೀಷಾಳ ಕೈ ಆಗಲೇ ಕೀಲಿಮಣೆಯ ಮೇಲೆ ಓಡುತ್ತಿತ್ತು.

“ತಡಿ,” ಎಂದಳು ವೈಶಾಲಿ. “ಇದನ್ನ ಕಳಿಸಿದಾಂವ ಯಾರು?”

ಶ್ರಾವಣದಲ್ಲಿ ಬಂದ ತಿದ್ದುಪಡಿ ಅದು. ಕಳಿಸಿದವನ ಹೆಸರು ಆಂಟನ್. ಊರು ಕೇರಿ ಇಲ್ಲ. ಸೊಗಸಾದ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದ: ನಿಮ್ಮ ಬಳಿ ಫೋಟೊಗಳು ಕಡಿಮೆ ಇವೆ, ಪ್ರತಿಯೊಂದಕ್ಕೂ ಒಂದು ಕನ್ನಡಿ ಪ್ರತಿ ಸೇರಿಸಿದರೆ ಕಲಿಕೆ ಸುಧಾರಿಸುತ್ತದೆ. ಬೆಕ್ಕು, ಕಾರು, ಟೊಮೆಟೊ ಗುರುತಿಸುವ ಕೋಡಿಗೆ ಎಲ್ಲರೂ ಮಾಡುವ ಕೆಲಸವೇ ಅದು. ಬೆಕ್ಕು ಎಡಕ್ಕೆ ನೋಡಿದರೂ ಬೆಕ್ಕೇ, ಬಲಕ್ಕೆ ನೋಡಿದರೂ ಬೆಕ್ಕೇ.

“ನೀ ಕುರುಬರ ಮನಿ ಮಗಳು. ನಿನಗ ಹೊಳೀಲಿಲ್ಲೇನು?”

ಮನೀಷಾ ಪರದೆಯಿಂದ ಕಣ್ಣು ತೆಗೆದಳು. “ಹೊರಗಿನವ್ರು ಮೊದಲನೇ ಸಲ ನನ್ನ ಕೆಲಸಕ್ಕ ಕೈ ಕೂಡಿಸಿದ್ರು ಅಂತ ಖುಷಿ ಆಗಿತ್ರಿ. ಕೋಡ್ ಛಲೋ ಇತ್ತು. ಒಪ್ಪಿಬಿಟ್ಟೆ.”

ಇದನ್ನು ಅವಳು ನಾಚಿಕೆಯಿಂದಲೇ ಹೇಳಿದಳು. ವೈಶಾಲಿ ಅದನ್ನು ಕೆದಕಲು ಹೋಗಲಿಲ್ಲ.

“ಒಂದೊಂದ ಸಾಲು ಓದಿ ನನಗ ಕನ್ನಡದಾಗ ಹೇಳು. ಸಣ್ಣದು ಅಂತ ಯಾವುದನ್ನೂ ಬಿಡಬ್ಯಾಡ.”

ಮನೀಷಾ ಓದಿದಳು. ಫೋಟೊ ತೆಗೆದುಕೋ. ಅಗಲ ಎತ್ತರ ನೋಡು. ತಿರುವು. ಅದೇ ಹೆಸರಿನಲ್ಲಿ ಇಟ್ಟುಕೋ. ಮುಂದಿನ ಸಾಲಿಗೆ ಬಂದಾಗ ಅವಳ ದನಿ ನಿಂತಿತು.

“ಏನಾತು?”

“ಇಲ್ಲೊಂದು ಗುರುತನ್ನ ಹೊರಗ ಇಟ್ಟಾನ್ರಿ. ಉಳದಾವೆಲ್ಲಾ ತಿರುವು, ಇದನ್ನ ತಿರುವಬ್ಯಾಡ ಅಂತ ಬರದಾನ.”

“ಯಾವುದು?”

“ಮೀಸಲು.”

ಬೀರಪ್ಪ ದೇವರಿಗೆಂದು ಬಿಟ್ಟ ಕುರಿಗೆ ಮೀಸಲು ಕುರಿ ಎನ್ನುತ್ತಾರೆ. ಹುಲೆಪ್ಪನ ಮನೆಯಲ್ಲಿ ಅದರ ಕಿವಿ ಸೀಳುವುದಿಲ್ಲ, ಬಲಗಿವಿಗೆ ಒಂದು ತೂತು ಹಾಕುತ್ತಾರೆ. ಅದನ್ನು ಮಾರುವಂತಿಲ್ಲ, ಉಣ್ಣೆ ಕತ್ತರಿಸುವುದಕ್ಕೂ ಕಟ್ಟಳೆಯಿದೆ. ಲೈಬ್ರರಿಯಲ್ಲಿದ್ದ ಅಷ್ಟೂ ಮನೆಗಳ ಗುರುತುಗಳನ್ನು ಕಲಸಿಹಾಕಿದ ಮಹಾಶಯ ದೇವರ ಕುರಿಯ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದಿದ್ದ.

“ಆಂಟನ್ ಬೀರಪ್ಪನ ಒಕ್ಕಲು ಅಂತ ಆತು,” ಎಂದಳು ವೈಶಾಲಿ. ಅವಳು ನಗಲಿಲ್ಲ. “ಲ್ಯಾಪ್‌ಟಾಪ್ ಮುಚ್ಚು. ಮುಧೋಳಕ್ಕ ಹೋಗೂಣು.”

*

ಮುಧೋಳದಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲೆ ಸಂಜುವಿನ ಆಫೀಸು. ಸಂಜು ಪಾಂಡಪ್ಪನ ಮಗ. ಸಂತೆಯ ಆ್ಯಪ್ ಅವನದು. ಮನೀಷಾಳ ಲೈಬ್ರರಿಯನ್ನು ಮೊದಲು ಬಳಸಿದವನೂ ಅವನೇ. ಅಪ್ಪಂದಿರು ಬೇರೆಯಾದರೂ ಇಬ್ಬರ ನಡುವೆ ಮಾತುಕತೆ ಇತ್ತು, ನಿನ್ನೆಯವರೆಗೆ.

ಅಕ್ಕನನ್ನು ಕಂಡು ಅವನು ಎದ್ದು ನಿಂತ. ಹಿಂದೆ ಬಂದ ವೈಶಾಲಿಯನ್ನು ಕಂಡು ಮತ್ತೆ ಕೂತ.

“ಕೇಸು ಅಪ್ಪ ಹಾಕ್ಯಾನ್ರಿ. ನನ್ನ ಕೇಳಿ ಹಾಕಿಲ್ಲ,” ಎಂದ.

“ನಾವು ಕೇಸಿನ ಬಗ್ಗೆ ಬಂದಿಲ್ರಿ. ನಿಮ್ಮ ಆ್ಯಪಿನ ಬಗ್ಗೆ ತಿಳ್ಕೊಳ್ಳಾಕ ಬಂದೇವಿ,” ಎಂದಳು ವೈಶಾಲಿ. “ಒಂದು ಗುರುತು ಎರಡು ಮನಿಗೂ ಹೊಂದಿದ್ರ ನಿಮ್ಮ ಆ್ಯಪ್ ಯಾರ ಹೆಸರು ಹೇಳತೈತಿ?”

“ಹಂಗ ಹೊಂದೂದಿಲ್ರಿ.”

“ಹೊಂದಿದ್ರ?”

ಸಂಜು ಮನೀಷಾಳ ಕಡೆ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೆಳಗೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಇಡೀ ರಸ್ತೆಯನ್ನು ತನ್ನದು ಮಾಡಿಕೊಂಡು ಹೋಗುತ್ತಿತ್ತು.

“ಯಾವ ಮನಿ ಫೋಟೊ ಹೆಚ್ಚ ಅದಾವೋ ಅವರ ಹೆಸರು ಹೇಳತೈತ್ರಿ.”

“ಯಾರವು ಹೆಚ್ಚ ಅದಾವ?”

“ನಮ್ಮವು. ಆ್ಯಪ್ ನಂದಲ್ರಿ. ಪರೀಕ್ಷಾ ಮಾಡಾಕ ನಮ್ಮ ಕುರೀನ ತಗದು ತಗದು ಹಾಕೇನಿ.”

“ಅಂದ್ರ ಎಡ-ಬಲ ಅಳಿಸಿಬಿಟ್ರ ನಿಮ್ಮ ದೊಡ್ಡಪ್ಪನ ಕುರಿ ಎಲ್ಲಾ ನಿಮ್ಮಪ್ಪಂದ ಆಗ್ತಾವು.”

ಸಂಜುವಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಕಿವಿಗಳು ಕೆಂಪಾದವು.

“ಆ ತಿದ್ದುಪಡಿ ನಾ ಮಾಡೇನಿ ಅಂತೀರೇನ್ರಿ?”

“ಲೈಬ್ರರಿ ಒಳಗಿಂದು ನಿಮಗ ಗೊತ್ತು. ಸಂತಿ ಬಾಗಲದಾಗ ಯಾರು ಕುರಿ ತರ್ತಾರ ಗೊತ್ತು. ದೂರು ಕೊಟ್ಟಾಂವ ನಿಮ್ಮಪ್ಪ. ನಾ ಅನ್ನೂದೇನೈತಿ, ಎಲ್ಲಾ ತಾನ ಕೂಡಿ ಬಂದೈತಿ.”

“ಮನಿಷಕ್ಕಾ, ನೀನೂ ಹಂಗ ಅಂತಿಯೇನು?”

ಮನೀಷಾ ತಿರುಗಿದಳು. ಅವಳ ದನಿ ಗಟ್ಟಿಯಾಗಿತ್ತು. “ನನ್ನ ತಮ್ಮ ಲಾಕಪ್ಪಿನ್ಯಾಗ ಅದಾನ ಸಂಜು. ನಿನ್ನ ಆ್ಯಪ್ ಅವನ್ನ ಕಳ್ಳ ಅಂದೈತಿ. ನಾ ಈಗ ಯಾರನ್ನೂ ನಂಬೂ ಹಂತದಾಗ ಇಲ್ಲ.”

“ನಾ ಮಾಡಿಲ್ಲ.”

“ಬರದಾಂವ ದೇವರ ಕುರಿ ಬಿಟ್ಟಾನ,” ಎಂದು ವೈಶಾಲಿ ನಡುವೆ ಬಾಯಿ ಹಾಕಿದಳು. “ಮೀಸಲು ಗುರುತು ಒಂದನ್ನ ತಿರುವಿಲ್ಲ. ಬೀರಪ್ಪಗ ಅಂಜೂ ಮಂದಿ ಬಿಟ್ರ ಯಾರಿಗೂ ಇದು ಹೊಳಿಯೂದಿಲ್ಲ. ನಿಮ್ಮನ್ನ ಹಿಡದು ಕೊಡಾಕ ಅದೊಂದ ಸಾಲು ಸಾಕ್ರಿ.”

ಇಲ್ಲಿಗೆ ಕಥೆ ಮುಗಿಯಿತು ಎಂದು ವೈಶಾಲಿಗೂ ಒಂದು ಕ್ಷಣ ಅನ್ನಿಸಿತ್ತು. ಆದರೆ ಸಂಜುವಿನ ಮುಖದ ಬಿಗಿ ಸಡಿಲವಾಯಿತು. ಸಿಕ್ಕಿಬಿದ್ದವರ ಮುಖ ಹಾಗೆ ಸಡಿಲವಾಗುವುದನ್ನು ಅವಳು ನೋಡಿರಲಿಲ್ಲ.

“ಮೀಸಲು ಬಿಟ್ಟಾನೇನ್ರಿ?” ಎಂದ. “ಹಂಗಿದ್ರ ಖರೇನ ನಾ ಅಲ್ಲ.”

“ಯಾಕ?”

“ಅಪ್ಪಾ, ದೊಡ್ಡಪ್ಪಾ ಬ್ಯಾರಿ ಆದಾಗ ದೇವರು ದೊಡ್ಡಪ್ಪನ ಮನ್ಯಾಗ ಉಳೀತ್ರಿ. ಆ ಸಿಟ್ಟಿಗೆ ನಮ್ಮಪ್ಪ ಮೀಸಲು ಬಿಡೂದ ನಿಲ್ಲಿಸಿದ. ನಮ್ಮ ಹಟ್ಟ್ಯಾಗ ದೇವರ ಕುರಿ ಇಲ್ಲ, ನನ್ನ ಆ್ಯಪಿನ್ಯಾಗ ಆ ಗುರುತ ಇಲ್ಲ. ಲೈಬ್ರರಿಯಿಂದನೂ ತಗದ ಹಾಕು ಅಂತ ಅಕ್ಕಗ ನಾನ ಹೇಳಿದ್ದೆ. ಆಕಿ ಒಪ್ಪಲಿಲ್ಲ. ಕೇಳ್ರಿ ಬೇಕಾದ್ರ.”

ವೈಶಾಲಿ ಮನೀಷಾಳತ್ತ ನೋಡಿದಳು. ಮನೀಷಾ ಹೌದೆಂದು ತಲೆಯಾಡಿಸಿದಳು.

“ನನಗ ಬ್ಯಾಡಾಗಿದ್ದ ಗುರುತು ಅದು. ಅದನ್ನ ಕಾಯಾಕ ನಾ ಯಾಕ ಒಂದು ಸಾಲು ಖರ್ಚು ಮಾಡ್ಲಿ?” ಎಂದ ಸಂಜು. ಆಮೇಲೆ ಮೆಲ್ಲಗೆ, ಅಕ್ಕನ ಮುಖ ನೋಡದೆ, “ದೇವರ ಕುರಿ ಇರೂದು ನಿಮ್ಮನ್ಯಾಗ ಅಷ್ಟ, ಅಕ್ಕಾ,” ಎಂದ.

ವಾದ ಗೆದ್ದವನಂತೆ ಅವನು ಕಾಣಲಿಲ್ಲ. ಅವರಿಬ್ಬರೂ ಮೆಟ್ಟಿಲಿಳಿಯುವಾಗ ಚಹಾ ಕುಡಿದು ಹೋಗಿರೆಂದು ಕರೆದ. ಇಬ್ಬರೂ ನಿಲ್ಲಲಿಲ್ಲ.

*

ಬೀಳಗಿಯ ದಾರಿಯಲ್ಲಿ ವೈಶಾಲಿಯ ಹಳೆಯ ಕಾರು ಪ್ರತಿ ಗುಂಡಿಗೂ ಒಮ್ಮೆ ನರಳಿತು.

“ನಿಮ್ಮ ಮನ್ಯಾಗ ಕೋಡ್ ಬರಿಯಾಕ ಯಾರಿಗೆ ಬರತೈತಿ?”

“ನನಗೊಬ್ಬಾಕಿಗೆ.”

“ತಿದ್ದುಪಡಿ ಒಪ್ಪಿದಾಕಿ?”

“ನಾನ.”

“ಮೀಸಲು ಗುರುತು ತಗೀಬ್ಯಾಡ ಅಂತ ಹಟ ಹಿಡದಾಕಿ?”

ಮನೀಷಾ ಮುಂದಿನ ರಸ್ತೆಯನ್ನೇ ನೋಡುತ್ತ ಕೂತಳು. ಸ್ವಲ್ಪ ದೂರ ಹೋದ ಮೇಲೆ, “ನಾ ಆಗಿದ್ರ ನಿಮ್ಮನ್ನ ಯಾಕ ಕರೀತಿದ್ದೆ ಅಕ್ಕಾರ?” ಎಂದಳು.

“ಕರದಾರ. ತಾವ ಕೊಂದ ಕುರಿಗೆ ತಾವ ಪಂಚನಾಮಿ ಮಾಡಿಸಿದವ್ರನ್ನ ನೋಡೇನಿ,” ಎಂದಳು ವೈಶಾಲಿ. ಆಮೇಲೆ ಗೇರು ಬದಲಿಸುತ್ತ, “ಆದ್ರ ನೀ ಅಲ್ಲ. ನೀ ಬರದಿದ್ರ ಅದನ್ನ ಓದುವಾಗ ದನಿ ನಿಲ್ತಿರಲಿಲ್ಲ,” ಎಂದಳು.

ಮನೀಷಾಳಿಗೆ ಅಳು ಬಂತು. ಅಳಲಿಲ್ಲ, ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

“ಈಗಿನ ಕಾಲದಾಗ ಕೋಡ್ ಬರಿಯಾಕ ಕೋಡ್ ಬರಬೇಕು ಅಂತೇನಿಲ್ಲ ಹೌದಲ್ಲ?” ಎಂದಳು ವೈಶಾಲಿ. “ನಮ್ಮ ಆಫೀಸಿನಾಂವ ಒಬ್ಬ ತನ್ನ ಮದವಿ ಕಾರ್ಡನ್ನ ಎಐ ಕಡೆ ಬರಸಿದ. ಹೆಣ್ಣಿನವ್ರು ಓದಿ ಅತ್ತರಂತ.”

ಮನೀಷಾ ಅವಳತ್ತ ತಿರುಗಿ ನೋಡಿದಳು.

*

ಬಿಸಿಲು ಇಳಿಯುವ ಹೊತ್ತು. ಪಿಎಸ್‌ಐ ವೈಶಾಲಿಗೆ ಪರಿಚಯದವರು, ಸ್ವಲ್ಪ ಹೊತ್ತು ಮಾತಾಡಲು ಬಿಟ್ಟರು. ಮುತ್ತಪ್ಪ ಲಾಕಪ್ಪಿನ ಗೋಡೆಗೊರಗಿ ಕೂತಿದ್ದ. ಅಕ್ಕನನ್ನು ಕಂಡು ಎದ್ದು ಸರಳಿನ ಹತ್ತಿರ ಬಂದ.

“ಉಂಡಿಯೇನು?” ಎಂದು ಕೇಳಿದಳು ಮನೀಷಾ.

“ಉಂಡೇನಿ.”

“ಮುತ್ತಪ್ಪಾ,” ಎಂದಳು ವೈಶಾಲಿ. “ಮೀಸಲು ಕುರಿ ಯಾಕ ಬಿಟ್ಟಿ?”

ಅವನು ಅವಳನ್ನು ನೋಡಲಿಲ್ಲ. ಅಕ್ಕನನ್ನು ನೋಡಿದ. ಯಾವ ಕುರಿ, ಯಾರು ಬಿಟ್ಟದ್ದು ಎಂದು ಕೇಳಲಿಲ್ಲ.

“ದೇವರದು. ಅದನ್ನ ಮುಟ್ಟಬಾರದು,” ಎಂದ.

ಮನೀಷಾ ಸರಳು ಹಿಡಿದುಕೊಂಡಳು. “ನಿನಗ ಯಾವಾಗ ಬಂತೋ ಇದೆಲ್ಲಾ?”

“ಬಂದಿಲ್ಲ. ಫೋನಿನ್ಯಾಗ ಎಐ ಕೇಳಿದೆ. ಇಂಥಾ ಲೈಬ್ರರಿ ಐತಿ, ಅದಕ್ಕ ಎಡ-ಬಲ ತಿಳೀಲಾರ್ದಂಗ ಹೆಂಗ ಮಾಡೂದು ಅಂದೆ. ಕೋಡು ಅದ ಬರದ ಕೊಟ್ಟಿತು. ಇಂಗ್ಲಿಷನ್ಯಾಗ ಮಾತೂ ಅದ ಬರದ ಕೊಟ್ಟಿತು. ಮೀಸಲು ಸಾಲು ಒಂದು ನಾ ಹೇಳಿ ಬರಸಿದ್ದು.”

“ನಾ ನಿನಗ ಥ್ಯಾಂಕ್ಸ್ ಅಂತ ಬರದಿದ್ದೆ.”

“ಓದೇನಿ ಅಕ್ಕಾ.”

ಮನೀಷಾಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಎಲ್ಲೋ ದೂರದ ದೇಶದವನೊಬ್ಬ ತನ್ನ ಕೆಲಸವನ್ನು ಮೆಚ್ಚಿದನೆಂದು ವಾರವೆಲ್ಲ ಹಿಗ್ಗಿಕೊಂಡು ಓಡಾಡಿದ್ದಳು. ಸಹೋದ್ಯೋಗಿಗಳಿಗೂ ಹೇಳಿಕೊಂಡಿದ್ದಳು. ಆ ಆಂಟನ್ ಕಂಬಳಿ ಹೊದ್ದು ಹಟ್ಟಿಯಲ್ಲಿ ಕೂತಿದ್ದ.

“ಕಾಕಾನ ಕುರಿ ನಿನ್ನ ಕಡೆ ಹೆಂಗ ಬಂದ್ವು?” ಎಂದು ಕೇಳಿದಳು ವೈಶಾಲಿ.

“ಕದ್ದಿಲ್ರಿ. ಕೊಟ್ರು. ಮಾರಿ ಕೊಡು ಅಂದ್ರು. ಎಡ-ಬಲ ಅಳಿಸಿದ್ರ ಸಂತ್ಯಾಗ ನಮ್ಮ ಹೆಸರ ಬರತೈತಿ ಅಂತ ತಿಳದಿದ್ದೆ. ಕಾಕಾನ ಹೆಸರು ಬಂತು.”

“ಯಾರು ಕೊಟ್ರು?”

“ಹೇಳೂ ಹಂಗಿಲ್ರಿ. ಭಂಡಾರ ಮುಟ್ಟೇನಿ.”

ಭಂಡಾರವೆಂದರೆ ಬೀರಪ್ಪನ ಅರಿಶಿನ. ಮಕ್ಕಳ ತಲೆ ಮುಟ್ಟಿ, ಗಂಡನ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದವರು ವೈಶಾಲಿಯ ಕಡತಗಳ ತುಂಬ ಇದ್ದರು. ಭಂಡಾರ ಮುಟ್ಟಿದ ಕುರುಬನೊಬ್ಬ ಮಾತು ಮುರಿದದ್ದನ್ನು ಮಾತ್ರ ಅವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಆ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟಳು.

ಮನೀಷಾ ಬಿಡಲಿಲ್ಲ. “ನೀ ಹೇಳಬ್ಯಾಡ. ನಾ ಇಲ್ಲೇ ಕುಂತು ಈ ತಿದ್ದುಪಡಿ ಹಿಂದಕ್ಕ ತಗೀತೇನಿ, ವಕೀಲರಿಗೆ ಬರದು ಕಳಸ್ತೇನಿ. ಆ್ಯಪಿನ ಮಾತು ನಡಿಯೂದಿಲ್ಲ ಅಂದ್ರ ನಾಳಿ ನೀ ಮನಿಗೆ ಬರ್ತಿ.”

“ಬ್ಯಾಡ.”

“ಏನ್ ಬ್ಯಾಡ?”

“ಆ್ಯಪ್ ತಪ್ಪು ಹೇಳೈತಿ ಅಂದ್ರ ಪೊಲೀಸ್ರು ಹಟ್ಟಿಗೆ ಬಂದು ಕಣ್ಣಿಲೇ ಕಿವಿ ನೋಡ್ತಾರ. ಮಾರೂ ಎಡಗಿವಿ ಕುರಿ ಇನ್ನೂ ಉಳದಾವ ಅಲ್ಲಿ. ಎಲ್ಲಿಂದ ಬಂದ್ವು ಅಂತ ಹುಡುಕ್ಕೋತ ಹೋಗ್ತಾರ.” ಅವನು ದನಿ ತಗ್ಗಿಸಿದ. “ನಾ ಇಲ್ಲೇ ಇರ್ತೇನಿ ಅಕ್ಕಾ. ನನಗೇನು ಆಗೂದಿಲ್ಲ.”

“ನಾಳಿ ಕೋರ್ಟಿನ್ಯಾಗ ನಿನ್ನ ಕಳ್ಳ ಅಂತಾರೋ.”

“ಅನ್ನಲಿ.”

ಮನೀಷಾ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ತಮ್ಮ ಏನೆಂದರೂ ಸರಿ, ಅವನನ್ನು ಅಲ್ಲಿ ಬಿಟ್ಟುಹೋಗುವ ಮನಸ್ಸು ಅವಳಿಗಿರಲಿಲ್ಲ. ಫೋನಿನ ನೆಟ್‌ವರ್ಕ್ ಹಿಡಿಯಿತು. ಆಂಟನ್‌ನ ತಿದ್ದುಪಡಿಯನ್ನು ಹಿಂದಕ್ಕೆ ತೆಗೆಯುವ ಗುಂಡಿ ಪರದೆಯ ಮೇಲೆ ಬಂತು.

ಆಗ ಬಾಗಿಲಲ್ಲಿ ಕಾನ್‌ಸ್ಟೇಬಲ್ ಯಾರಿಗೋ ಹೇಳುವುದು ಕೇಳಿಸಿತು. “ಬುತ್ತಿ ಕೊಟ್ಟು ಲಗೂನ ಹೋಗಬೇಕು, ಯಮ್ಮಾ.”

ಒಳಗೆ ಬಂದವಳು ಸೋಮವ್ವ. ಪಾಂಡಪ್ಪನ ಹೆಂಡತಿ, ಸಂಜುವಿನ ತಾಯಿ. ಗಂಡ ಯಾರ ಮೇಲೆ ದೂರು ಕೊಟ್ಟಿದ್ದನೋ ಅವನಿಗೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಎಡಗೈಗೆ ಮೊಣಕೈವರೆಗೆ ಹೊಸದಾಗಿ ಪಟ್ಟಿ ಸುತ್ತಿತ್ತು.

ಮುತ್ತಪ್ಪ ಸರಳು ಬಿಟ್ಟು ಹಿಂದೆ ಸರಿದ. “ನೀ ಯಾಕ ಬಂದಿ ಚಿಗವ್ವಾ?” ಎಂದ. ಅವನ ದನಿಯಲ್ಲಿ ಹೆದರಿಕೆ ಇತ್ತು. ಲಾಕಪ್ಪಿಗೆ ಬಂದಾಗಿನಿಂದ ಅವನ ದನಿಯಲ್ಲಿ ಅದು ಮೊದಲ ಬಾರಿ ಕಾಣಿಸಿತ್ತು.

ಸೋಮವ್ವ ಬುತ್ತಿಯನ್ನು ಬೆಂಚಿನ ಮೇಲಿಟ್ಟಳು. ವೈಶಾಲಿಯನ್ನು ಒಮ್ಮೆ ನೋಡಿದಳು, ಪರದೆಯನ್ನು ಒಮ್ಮೆ ನೋಡಿದಳು. ಆಮೇಲೆ ಗುಂಡಿಯ ಮೇಲಿದ್ದ ಮನೀಷಾಳ ಕೈಯನ್ನು ತನ್ನ ಗಾಯವಿಲ್ಲದ ಕೈಯಿಂದ ಹಿಡಿದುಕೊಂಡಳು.

“ಮಗಳ, ಆ ಕಿವಿ ತಿದ್ದೂದು ಇವತ್ತೊಂದು ದಿನ ಬಿಡು,” ಎಂದಳು. “ನಾಳಿ ತಿದ್ದು. ಇವತ್ತ ತಿದ್ದಿದ್ರ ಕುರಿ ಯಾರು ಕೊಟ್ರು ಅಂತ ನಿಮ್ಮ ಕಾಕಾಗ ತಿಳೀತೈತಿ. ಮುತ್ತಪ್ಪ ಹೊರಗ ಬರೂದ್ರಾಗ ನನ್ನ ಮಣ್ಣು ಮಾಡಿರ್ತಾರ.”